ಸಣ್ಣ ಕಾರ್ಖಾನೆಯ ಸಪ್ಲೈ ಚೈನ್: ಏನನ್ನು ಅಳೆಯಬೇಕು, ಯಾರ ಗಡಿಯಾರದಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ. ವಾಹನಗಳ ಬಿಡಿಭಾಗ ಮಾಡುವ ಸಣ್ಣ ಘಟಕಗಳ ಮಾಲೀಕರು ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುವ ಹುಡುಗರು ಎಲ್ಲಿ ಸಿಕ್ಕರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳಲ್ಲಿ ಬರುವ ಕಾರ್ಖಾನೆಯ ಲೆಕ್ಕಗಳು ವಿಷಯ ತೋರಿಸಲು ಹಾಕಿಕೊಂಡ ಉದಾಹರಣೆಗಳು. ನಿಮ್ಮ ಅಂಕಿ ಹಾಕಿ ಅದೇ ಲೆಕ್ಕ ಮಾಡಿ ನೋಡಿ.

ನಮ್ಮದು ಹದಿನೆಂಟು ಜನರ ಶಾಪ್. ಸಪ್ಲೈ ಚೈನ್, ಪರ್ಫಾರ್ಮೆನ್ಸ್ ಎಲ್ಲ ದೊಡ್ಡ ಕಂಪನಿಗಳ ಮಾತಲ್ವಾ?

ದೊಡ್ಡ ಕಂಪನಿಯ ಸಪ್ಲೈ ಚೈನ್ ಅಂದರೆ ನೀವೇ. ಒಂದು ಸಣ್ಣ ಪಿನ್ನು ಹೋಗುವ ದಾರಿ ನೋಡಿ. ಸ್ಟೀಲ್ ಡೀಲರ್ ಕಡೆಯಿಂದ ರೌಂಡ್ ಬಾರ್ ಬರುತ್ತದೆ. ನಿಮ್ಮಲ್ಲಿ ಕಟಿಂಗ್, ಸಿಎನ್‌ಸಿ ಟರ್ನಿಂಗ್. ಅಲ್ಲಿಂದ ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋಗುತ್ತದೆ, ವಾಪಸ್ ಬಂದು ಗ್ರೈಂಡಿಂಗ್, ಮತ್ತೆ ಪ್ಲೇಟಿಂಗ್‌ಗೆ ಹೊರಗೆ, ವಾಪಸ್ ಬಂದು ಇನ್‌ಸ್ಪೆಕ್ಷನ್ ಮತ್ತು ಪ್ಯಾಕಿಂಗ್. ಆಮೇಲೆ ಟಾಟಾ ಏಸ್ ಹತ್ತಿ ಹೊಸೂರಿಗೋ ಬಿಡದಿಗೋ ನರಸಾಪುರಕ್ಕೋ ಪಯಣ. ನಿಮ್ಮ ಗೇಟಿನಿಂದ ಮೂರು ಸಲ ಹೊರಗೆ ಹೋಗುವ ಮಾಲಿಗೆ ಮೂರು ಸಲವೂ ಚಲನ್ ಬರೆಯಬೇಕು. ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ಎಣಿಸಬೇಕು, ಯಾರೋ ಒಬ್ಬರು ಕಾಯಬೇಕು. ತಡವಾಗುವುದು, ಕಡಿಮೆ ಬೀಳುವುದು, ಕೈ ತಪ್ಪುವುದು ಬಹುಪಾಲು ಈ ಕೈಬದಲಾವಣೆಯಲ್ಲೇ. ಮೆಷಿನ್ ಮೇಲೆ ಆಗುವ ತಪ್ಪು ಆಪರೇಟರ್ ಕಣ್ಣಿಗೆ ಬೀಳುತ್ತದೆ. ಎರಡು ಗೇಟುಗಳ ನಡುವೆ ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಲೆಕ್ಕದಲ್ಲಿ ಡೆಲಿವರಿ 95 ಪರ್ಸೆಂಟ್. ಕಸ್ಟಮರ್ ಕಳಿಸಿದ ವೆಂಡರ್ ರೇಟಿಂಗ್‌ನಲ್ಲಿ 70. ಯಾರದ್ದು ಸುಳ್ಳು?

ಸಾಮಾನ್ಯವಾಗಿ ಇಬ್ಬರದೂ ಸುಳ್ಳಲ್ಲ. ಎರಡು ಬೇರೆ ಗಡಿಯಾರ ಅಷ್ಟೇ.

ತಿಂಗಳಿಗೆ 20 ಡೆಲಿವರಿ ಲೈನ್ (ಶೆಡ್ಯೂಲ್‌ನ ಒಂದೊಂದು ಸಾಲು) ಇತ್ತು ಅಂದುಕೊಳ್ಳಿ. ನಿಮ್ಮ ಡಿಸ್ಪ್ಯಾಚ್ ಪುಸ್ತಕದ ಪ್ರಕಾರ 19 ಹೇಳಿದ ದಿನವೇ ಹೊರಟವು, ಒಂದು ತಡವಾಯಿತು. 95 ಬಂತು. ಈಗ ಕಸ್ಟಮರ್ ಕಡೆ ಹೋಗಿ ನಿಂತು ನೋಡಿ. ಹೊರಟ 19ರಲ್ಲಿ ಎರಡು ಲೈನಿಗೆ 1,000 ಪೀಸ್ ಬದಲು 980 ಹೋಗಿದೆ. ಟೈಮಿಗೆ ಬಂದಿದೆ, ಪೂರ್ತಿ ಬಂದಿಲ್ಲ, ಹಾಗಾಗಿ ಫೇಲ್. ಇನ್ನು ಮೂರು ಲೈನ್ ಗೇಟಿಗೆ ತಲುಪಿದ್ದು ಸಂಜೆ. ಸೆಕ್ಯುರಿಟಿ ಚಲನ್ ಹಿಂದೆ 4:10ಕ್ಕೆ ಇನ್‌ವರ್ಡ್ ಸೀಲ್ ಒತ್ತಿದ್ದಾನೆ. ಡಾಕ್ ಖಾಲಿ ಇರಲಿಲ್ಲ, ಗಾಡಿ ಸೈಡಿಗೆ ನಿಂತಿತು. ಸ್ಟೋರ್ಸ್‌ನವರು ಮಾಲು ಇಳಿಸಿಕೊಂಡರು, ಆದರೆ ಸಿಸ್ಟಮ್‌ನಲ್ಲಿ ಜಿಆರ್‌ಎನ್ (ಮಾಲು ಸ್ವೀಕರಿಸಿದ್ದಕ್ಕೆ ಹಾಕುವ ಎಂಟ್ರಿ) ಆದದ್ದು ಮಾರನೇ ದಿನ 10:20ಕ್ಕೆ. ರೇಟಿಂಗ್ ಎತ್ತಿಕೊಳ್ಳುವುದು ಜಿಆರ್‌ಎನ್ ದಿನಾಂಕವನ್ನು. ಇಪ್ಪತ್ತರಲ್ಲಿ ಒಂದು, ಎರಡು, ಮೂರು ಕಳೆಯಿರಿ. ಉಳಿದದ್ದು 14. ಎಪ್ಪತ್ತು ಪರ್ಸೆಂಟ್.

ಇಲ್ಲಿ ನಿಮ್ಮ ತಪ್ಪು ಮೂರು, ಅವರ ಡಾಕ್‌ನ ತಪ್ಪು ಮೂರು. ಎರಡನ್ನೂ ಬೇರೆ ಮಾಡದೆ ಮೀಟಿಂಗಿಗೆ ಹೋದರೆ ಕೂಗಾಟ ಬಿಟ್ಟು ಬೇರೇನೂ ಆಗುವುದಿಲ್ಲ. ಹಾಗಾಗಿ ಪ್ರತಿ ಚಲನ್‌ಗೆ ನಾಲ್ಕು ಹೊತ್ತು ಬರೆದಿಡಿ: ನಮ್ಮ ಗೇಟ್ ಬಿಟ್ಟದ್ದು, ಅವರ ಗೇಟ್ ಸೀಲ್, ಮಾಲು ಇಳಿಸಿದ್ದು, ಜಿಆರ್‌ಎನ್. ಡ್ರೈವರ್ ಸೀಲ್ ಬಿದ್ದ ಚಲನ್‌ನ ಫೋಟೊ ತೆಗೆದು ವಾಟ್ಸಾಪ್ ಮಾಡಿದರೆ ಮೊದಲ ಮೂರು ಸಿಕ್ಕಿಬಿಡುತ್ತವೆ. ಒಂದು ತಿಂಗಳು ಮಾಡಿ ನೋಡಿ.

ಇದನ್ನೇ ಉದ್ಯಮದಲ್ಲಿ ಓಟಿಐಎಫ್ ಅನ್ನುತ್ತಾರೆ. ಟೈಮಿಗೆ ಸರಿಯಾಗಿ, ಪೂರ್ತಿಯಾಗಿ. ಅಮೆರಿಕದ ವಾಲ್‌ಮಾರ್ಟ್ 2017ರಲ್ಲಿ ತನ್ನ ಸಪ್ಲೈಯರ್‌ಗಳ ಮೇಲೆ ದಂಡದ ಸಮೇತ ಇದನ್ನು ಹೇರಿತು. 2020ರಲ್ಲಿ ಗುರಿಯನ್ನು 98 ಪರ್ಸೆಂಟಿಗೆ ಏರಿಸಿತು. ಅಲ್ಲಿಯೂ ಜಗಳ ಇದೇ: ಯಾವ ದಿನಾಂಕ, ಯಾರ ದಾಖಲೆ.

ಬೇಗ ಕಳಿಸಿದರೂ ಮಾರ್ಕ್ಸ್ ಕಟ್ ಆಗಿದೆ. ಇದು ಯಾವ ನ್ಯಾಯ?

ಬೇಗ ಬಂದ ಮಾಲಿಗೆ ಅವರ ಹತ್ತಿರ ಜಾಗವಿಲ್ಲ, ಬಜೆಟ್ಟೂ ಇಲ್ಲ. ಅವರ ವೆಂಡರ್ ಮ್ಯಾನುಯಲ್‌ನಲ್ಲಿ ಎಷ್ಟು ದಿನ ಮುಂಚೆ ಬಂದರೆ ಓಕೆ ಅಂತ ಬರೆದಿರುತ್ತದೆ. ಓದಿ. ತಿಂಗಳ ಕೊನೆಗೆ ಬಿಲ್ಲಿಂಗ್ ಜಾಸ್ತಿ ತೋರಿಸಲು ಮುಂದಿನ ತಿಂಗಳ ಮಾಲನ್ನೂ ನೂಕಿಬಿಡುವ ಚಾಳಿ ನಮ್ಮಲ್ಲಿ ಇದೆಯಲ್ಲ, ಈ ನಿಯಮ ಬಂದದ್ದು ಅದಕ್ಕೇ.

ಎಷ್ಟು ಕೆಪಿಐ, ಅಂದರೆ ಕೆಲಸ ಅಳೆಯುವ ಅಂಕಿ, ಇಟ್ಟುಕೊಳ್ಳಬೇಕು? ಕನ್ಸಲ್ಟೆಂಟ್ 32ರ ಪಟ್ಟಿ ಕೊಟ್ಟಿದ್ದಾರೆ.

ಐದು ಸಾಕು: ಓಟಿಐಎಫ್, ರಿಜೆಕ್ಷನ್ ಪಿಪಿಎಂ (ಹತ್ತು ಲಕ್ಷ ಪೀಸಿಗೆ ಎಷ್ಟು ಕೆಟ್ಟವು), ಲೀಡ್ ಟೈಮ್ (ಬಾರ್ ಬಂದು ಮಾಲು ಹೋಗುವವರೆಗಿನ ದಿನ), ಪ್ರೀಮಿಯಂ ಫ್ರೇಟ್ (ಅವಸರದ ಗಾಡಿ ಬಾಡಿಗೆ), ಮತ್ತು ಹಾಕಿದ ದುಡ್ಡು ಕೈಗೆ ವಾಪಸ್ ಬರಲು ಹಿಡಿಯುವ ದಿನ.

ವಾಹನ ಉದ್ಯಮದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949 ಕೂಡ ಸಪ್ಲೈಯರ್‌ಗಳ ವಿಷಯದಲ್ಲಿ ಕಡ್ಡಾಯವಾಗಿ ನೋಡಲೇಬೇಕು ಅನ್ನುವುದು ನಾಲ್ಕನ್ನು ಮಾತ್ರ. ಕೊಟ್ಟ ಮಾಲು ಸರಿ ಇದೆಯೇ, ಕಸ್ಟಮರ್ ಲೈನಿಗೆ ತೊಂದರೆ ಆಯಿತೇ, ಶೆಡ್ಯೂಲ್ ಪಾಲನೆ ಆಯಿತೇ, ಪ್ರೀಮಿಯಂ ಫ್ರೇಟ್ ಎಷ್ಟು ಸಲ ಬೇಕಾಯಿತು. ಜಗತ್ತಿನ ಕಾರು ಕಂಪನಿಗಳಿಗೆ ಆರಂಭಕ್ಕೆ ನಾಲ್ಕು ಸಾಕಾದರೆ, ಹದಿನೆಂಟು ಜನರ ಶಾಪಿಗೆ 32 ಯಾಕೆ? ಅಷ್ಟನ್ನು ತುಂಬಲು ಒಬ್ಬ ಹುಡುಗನ ಸಂಬಳ ಬೇರೆ ಬೇಕು.

ಪಿಪಿಎಂ ಲೆಕ್ಕ ಹೇಗೆ? ಒಂದೇ ಪೀಸ್ ರಿಜೆಕ್ಟ್ ಆಗಿದ್ದಕ್ಕೆ 2,500 ಪಿಪಿಎಂ ಬರೆದಿದ್ದಾರೆ.

ರಿಜೆಕ್ಟ್ ಆದದ್ದನ್ನು ಕೊಟ್ಟದ್ದರಿಂದ ಭಾಗಿಸಿ ಹತ್ತು ಲಕ್ಷದಿಂದ ಗುಣಿಸಿ. 12,000 ಕೊಟ್ಟು 6 ವಾಪಸ್ ಬಂದರೆ 500 ಪಿಪಿಎಂ. 400 ಕೊಟ್ಟು ಒಂದು ವಾಪಸ್ ಬಂದರೆ 2,500. ಲೆಕ್ಕ ಸರಿ, ಆದರೆ ಸಣ್ಣ ಲಾಟಿನಲ್ಲಿ ಈ ಅಂಕಿಗೆ ಅರ್ಥ ಕಡಿಮೆ. ತಿಂಗಳಿಗೆ ಕೆಲವೇ ನೂರು ಪೀಸ್ ಕೊಡುವ ಪಾರ್ಟಿಗೆ ಹಿಂದಿನ ಆರು ತಿಂಗಳನ್ನು ಸೇರಿಸಿ ನೋಡಿ ಅಂತ ಕೇಳಿ. ಬಹಳ ಕ್ವಾಲಿಟಿ ಮ್ಯಾನೇಜರ್‌ಗಳು ಒಪ್ಪುತ್ತಾರೆ, ಯಾಕೆಂದರೆ ಅವರಿಗೂ ಅದೇ ತಲೆನೋವು.

ನಿಜವಾದ ಜಗಳ ಬೇರೆ ಕಡೆ ಇದೆ. 500 ಪೀಸಿನ ಕ್ರೇಟಿನಲ್ಲಿ ಲೈನ್‌ನವರಿಗೆ 3 ಕೆಟ್ಟವು ಸಿಕ್ಕವು. ಇನ್ನು ಎಷ್ಟಿವೆಯೋ ಅಂತ ಇಡೀ ಕ್ರೇಟ್ ವಾಪಸ್ ಕಳಿಸಿದರು. ಈಗ ರಿಜೆಕ್ಷನ್ ಮೂರೋ ಐನೂರೋ? ನೀವು ವಿಂಗಡಿಸಿ 497 ಒಳ್ಳೆಯವನ್ನು ಮತ್ತೆ ಕೊಟ್ಟರೆ ಅಂಕಿ ತಿದ್ದುತ್ತಾರೋ? ಆರ್ಡರ್ ಹಿಡಿಯುವ ದಿನವೇ ಇದನ್ನು ಕೇಳಿ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಡೆಬಿಟ್ ನೋಟ್ ಬಂದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಂದು ಪೀಸಿಗೆ ಎಲ್ಲ ಸೇರಿ ಹನ್ನೊಂದು ನಿಮಿಷದ ಕೆಲಸ. ಆದರೂ ಬಾರ್ ಬಂದು ಮಾಲು ಹೋಗಲು ಹದಿನೆಂಟು ದಿನ ಯಾಕೆ?

ಇದು ಒಳ್ಳೆಯ ಪ್ರಶ್ನೆ. ಉತ್ತರ ಸಿಗಬೇಕಾದರೆ ಸ್ಟಾಪ್‌ವಾಚ್ ಬೇಡ, ಎಣಿಕೆ ಸಾಕು.

ಜಾನ್ ಲಿಟಲ್ ಎಂಬ ಅಮೆರಿಕನ್ ಪ್ರೊಫೆಸರ್ 1961ರಲ್ಲಿ ಸಾಬೀತು ಮಾಡಿದ ಒಂದು ಸೂತ್ರವಿದೆ. ಒಳಗೆ ಇರುವ ಮಾಲು ಎಷ್ಟೋ, ಅದನ್ನು ದಿನಕ್ಕೆ ಹೊರಗೆ ಹೋಗುವ ಮಾಲಿನಿಂದ ಭಾಗಿಸಿ. ಒಂದು ಪೀಸ್ ಸರಾಸರಿ ಎಷ್ಟು ದಿನ ಒಳಗೆ ಕೂತಿರುತ್ತದೆ ಅನ್ನುವುದು ಬರುತ್ತದೆ. ನಿಮ್ಮ ಶಾಪ್ ಮತ್ತು ಜಾಬ್ ವರ್ಕಿಗೆ (ಪ್ಲೇಟಿಂಗ್‌ನಂಥ ಹೊರಗಿನ ಕೆಲಸಕ್ಕೆ) ಹೋದದ್ದು ಸೇರಿ 9,000 ಪೀಸ್ ಇದೆ, ದಿನಕ್ಕೆ 500 ಡಿಸ್ಪ್ಯಾಚ್ ಆಗುತ್ತದೆ. 9,000 ಭಾಗಿಸು 500, ಹದಿನೆಂಟು ದಿನ. ಹನ್ನೊಂದು ನಿಮಿಷವನ್ನು ಒಂಬತ್ತಕ್ಕೆ ಇಳಿಸಲು ಹೊಸ ಇನ್ಸರ್ಟ್ (ಕಟಿಂಗ್ ಟೂಲ್‌ನ ತುದಿ) ಹಾಕಿದರೂ ಈ ಹದಿನೆಂಟು ಅಲ್ಲಾಡುವುದಿಲ್ಲ. ಒಳಗೆ ಕೂತ ಮಾಲು ಕಡಿಮೆಯಾದರೆ ಮಾತ್ರ ಅಲ್ಲಾಡುತ್ತದೆ.

ಆ 9,000 ಎಲ್ಲಿ ಕೂತಿದೆ? ಒಂದು ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲು ಒಂದು ಹಾಳೆ ಹಿಡಿದು ಶಾಪ್ ಸುತ್ತಿ ಬನ್ನಿ. ಮೆಷಿನ್ ಪಕ್ಕ, ಡಿಬರಿಂಗ್ ಟೇಬಲ್ ಕೆಳಗೆ, ಇನ್‌ಸ್ಪೆಕ್ಷನ್‌ಗೆ ಕಾಯುತ್ತಿರುವುದು, ಹೊರಗೆ ಪ್ಲೇಟಿಂಗ್‌ನಲ್ಲಿ ಇರುವುದು. ಪ್ರತಿ ಬಿನ್‌ಗೂ ಟ್ಯಾಗ್ ಕಟ್ಟಿ, ಬಂದ ದಿನಾಂಕ ಬರೆಸಿ. ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿರಬೇಕು, ದೂರದಿಂದ ಕಾಣಬೇಕು. ಎರಡು ವಾರದ ಹಿಂದಿನ ದಿನಾಂಕದ ಬಿನ್ ದಾರಿಯಲ್ಲೇ ಕೂತಿದ್ದರೆ ಮಾಲೀಕರಿಗೆ ಯಾವ ರಿಪೋರ್ಟೂ ಬೇಡ.

ಸಾಮಾನ್ಯವಾಗಿ ದೊಡ್ಡ ಗುಡ್ಡೆ ಬಿದ್ದಿರುವುದು ಪ್ಲೇಟಿಂಗಿಗೆ ಕಳಿಸುವ ಮುಂಚೆ. ಪ್ಲೇಟಿಂಗ್‌ನವರು ಕೆಜಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ, ಮಿನಿಮಮ್ ಲಾಟ್ ಚಾರ್ಜ್ ಇಟ್ಟಿರುತ್ತಾರೆ. ಅದನ್ನು ಉಳಿಸಲು ನೀವು ವಾರ ಪೂರ್ತಿ ಸೇರಿಸಿಟ್ಟು ಒಂದೇ ಸಲ ಕಳಿಸುತ್ತೀರಿ. ಉಳಿದದ್ದು ಕೆಲವು ನೂರು ರೂಪಾಯಿ. ಹೋದದ್ದು ಒಂದು ವಾರ. ಆ ವಾರದ ಕೊನೆಗೆ ಅವಸರವಾಗಿ ಮಾಡಿದ ಸ್ಪೆಷಲ್ ಗಾಡಿಯ ಬಾಡಿಗೆ ಎಷ್ಟು ಅಂತ ಪಕ್ಕದಲ್ಲೇ ಬರೆದು ನೋಡಿ.

ಹಾಗಾದರೆ ಮೆಷಿನ್ ಖಾಲಿ ಬಿಡಬೇಕಾ? ಮೆಷಿನ್ ಯುಟಿಲೈಸೇಶನ್ 90 ಇದೆ ಅಂತ ಖುಷಿಯಲ್ಲಿದ್ದೆ.

ಮುಂದಿನ ಹಂತಕ್ಕೆ ಬೇಡದ ಮಾಲನ್ನು ಓಡಿಸಿ ಬಂದ 90 ಆದರೆ ಖುಷಿ ಪಡಬೇಡಿ. ಇಎಂಐ ಕಟ್ಟುವ ಮೆಷಿನ್ ನಿಂತರೆ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಗ್ರೈಂಡಿಂಗ್ ದಿನಕ್ಕೆ 500 ಮಾತ್ರ ಮಾಡುವಾಗ ಸಿಎನ್‌ಸಿ 800 ಮಾಡಿದರೆ, ಹೆಚ್ಚಾದ 300 ಪೀಸಿಗೆ ನೀವು ಸ್ಟೀಲಿನ ದುಡ್ಡು ಕೊಟ್ಟು ನೆಲದ ಮೇಲೆ ಗುಡ್ಡೆ ಹಾಕಿದಿರಿ ಅಂತ ಅರ್ಥ.

ಸ್ಟಾಕ್ ಕಡಿಮೆ ಇಟ್ಟರೆ ಲೈನ್ ಸ್ಟಾಪ್ ಭಯ, ಜಾಸ್ತಿ ಇಟ್ಟರೆ ಬ್ಯಾಂಕ್ ಬಡ್ಡಿ. ಯಾವುದು ಸರಿ?

ಜಸ್ಟ್ ಇನ್ ಟೈಮ್ (ಬೇಕಾದ ಹೊತ್ತಿಗೆ ಬೇಕಾದಷ್ಟೇ ಮಾಲು ತರಿಸುವುದು) ಅಂದರೆ ಸ್ಟಾಕೇ ಇರಬಾರದು ಅಂತ ಹೇಳಿಕೊಡುವವರು ಅದನ್ನು ಹುಟ್ಟಿಸಿದ ಟೊಯೋಟಾದ ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ.

1997ರ ಫೆಬ್ರವರಿ 1ರ ಬೆಳಗಿನ ಜಾವ ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿನಲ್ಲಿ ಬಳಸುವ ಪಿ-ವಾಲ್ವ್ ಎಂಬ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಭಾಗ ಅಲ್ಲಿ ತಯಾರಾಗುತ್ತಿತ್ತು. ಟೊಯೋಟಾ ತನಗೆ ಬೇಕಾದ ವಾಲ್ವ್‌ಗಳನ್ನು ಬಹುತೇಕ ಅಲ್ಲಿಂದಲೇ ತರಿಸುತ್ತಿತ್ತು, ಕೈಯಲ್ಲಿ ಸ್ಟಾಕ್ ಅಲ್ಪ. ಕೆಲವೇ ದಿನಗಳಲ್ಲಿ ಜಪಾನಿನ ಅದರ ಕಾರ್ಖಾನೆಗಳು ಒಂದೊಂದಾಗಿ ನಿಂತವು. ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಐಸಿನ್ ಡ್ರಾಯಿಂಗ್‌ಗಳನ್ನು ಬೇರೆಯವರಿಗೆ ಹಂಚಿತು. ಹತ್ತಾರು ಸಪ್ಲೈಯರ್‌ಗಳು, ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕೂಡ, ತಮ್ಮಲ್ಲಿದ್ದ ಮೆಷಿನ್‌ಗಳಲ್ಲೇ ಆ ವಾಲ್ವ್ ಮಾಡಲು ಕೂತರು. ಒಂದು ವಾರದ ಆಸುಪಾಸಿನಲ್ಲಿ ಲೈನ್‌ಗಳು ಮತ್ತೆ ಓಡಿದವು.

2011ರ ಜಪಾನಿನ ಭೂಕಂಪದಲ್ಲಿ ಕಾರಿನ ಚಿಪ್ ಮಾಡುವ ರೆನೆಸಾಸ್ ಕಾರ್ಖಾನೆ ಹಾಳಾದಾಗ ಪರಿಸ್ಥಿತಿ ಬೇರೆ. ಚಿಪ್ಪನ್ನು ಪಕ್ಕದ ಶಾಪಿನಲ್ಲಿ ಮಾಡಿಸಲು ಆಗುವುದಿಲ್ಲ. ಆ ಪೆಟ್ಟಿನ ನಂತರ ಟೊಯೋಟಾ ಚಿಪ್‌ಗಳ ಮಟ್ಟಿಗೆ ಎರಡರಿಂದ ಆರು ತಿಂಗಳ ಸ್ಟಾಕ್ ಇಟ್ಟುಕೊಳ್ಳುವಂತೆ ಸಪ್ಲೈಯರ್‌ಗಳಿಗೆ ಹೇಳಿತು. 2021ರಲ್ಲಿ ಜಗತ್ತಿಗೆಲ್ಲ ಚಿಪ್ ಕೊರತೆ ಬಂದಾಗ ಶುರುವಿನ ತಿಂಗಳುಗಳಲ್ಲಿ ಬೇರೆಯವರಿಗಿಂತ ಅದು ತಡೆದುಕೊಂಡದ್ದು ಇದರಿಂದಲೇ.

ಇದರಲ್ಲಿ ನಿಮಗೆ ಬೇಕಾದ ಅಳತೆ ಇದೆ. ಪ್ರತಿ ಐಟಂಗೆ ಎರಡು ಅಂಕಿ ಬರೆಯಿರಿ. ಈ ಸಪ್ಲೈಯರ್ ನಾಳೆ ಬಾಗಿಲು ಹಾಕಿದರೆ ಬೇರೆ ಕಡೆಯಿಂದ ಮಾಲು ಶುರುವಾಗಲು ಎಷ್ಟು ದಿನ? ಕೈಯಲ್ಲಿರುವ ಸ್ಟಾಕಿನಲ್ಲಿ ಎಷ್ಟು ದಿನ ತಳ್ಳಬಹುದು? ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಇರುವ ಐಟಂಗಳ ಪಟ್ಟಿಯೇ ನಿಮ್ಮ ಅಪಾಯದ ಪಟ್ಟಿ. ಮಾಮೂಲಿ ಬೋಲ್ಟು ಎರಡು ದಿನದಲ್ಲಿ ಎಸ್‌ಪಿ ರೋಡಲ್ಲಿ ಸಿಗುತ್ತದೆ, ಅದಕ್ಕೆ ಸ್ಟಾಕ್ ಬೇಡ. ಕಸ್ಟಮರ್ ಅಪ್ರೂವಲ್ ಬೇಕಾದ ಒಂದೇ ಒಂದು ಮಿಲ್ಲಿನ ಸ್ಟೀಲಿಗೆ ಬೇಕು.

ಶೆಡ್ಯೂಲ್ ವಾರಕ್ಕೊಂದು ಸಲ ಬದಲಾಗುತ್ತೆ. ತಡವಾದರೆ ಬೈಗುಳ ನಮಗೆ. ಅದನ್ನೂ ಅಳೆಯಬಹುದಾ?

ಅಳೆಯಲೇಬೇಕು, ಮತ್ತು ಬಹಳ ಸುಲಭ. ಹಿಂದಿನ ತಿಂಗಳ 25ಕ್ಕೆ ಬಂದ ಶೆಡ್ಯೂಲ್‌ನ ಪ್ರಿಂಟ್ ತೆಗೆದಿಡಿ. ತಿಂಗಳು ಮುಗಿದ ಮೇಲೆ ನಿಜವಾಗಿ ಎತ್ತಿದ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ. 6,000 ಅಂದವರು 18ನೇ ತಾರೀಕು 9,000 ಮಾಡಿದ್ದಾರೆ, ಇನ್ನೊಂದರಲ್ಲಿ 4,000 ಅಂದವರು 1,500 ಎತ್ತಿದ್ದಾರೆ. ಐಟಂವಾರು ಮೂರು ತಿಂಗಳದ್ದು ಮುಂದಿಟ್ಟರೆ ಪರ್ಚೇಸ್‌ನವರು ಮಾತು ಬದಲಿಸುತ್ತಾರೆ. ಅವರೇನೂ ಕೆಟ್ಟವರಲ್ಲ. ಅವರ ಮೇಲಿನವರು ಅವರಿಗೆ ಹೀಗೇ ಮಾಡಿರುತ್ತಾರೆ.

ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ಡೈಪರ್ ವ್ಯವಹಾರದಲ್ಲಿ ಇದನ್ನು ಕಂಡುಕೊಂಡಿತು. ಮಕ್ಕಳು ಡೈಪರ್ ಬಳಸುವುದರಲ್ಲಿ ಏರಿಳಿತ ಕಡಿಮೆ, ಅಂಗಡಿಯ ಮಾರಾಟದಲ್ಲೂ ಅಷ್ಟಿಲ್ಲ. ಆದರೆ ಡೀಲರ್ ಆರ್ಡರ್ ಕುಣಿಯುತ್ತದೆ, ಕಚ್ಚಾಮಾಲಿನ ಆರ್ಡರ್ ಇನ್ನೂ ಜಾಸ್ತಿ ಕುಣಿಯುತ್ತದೆ. ಸರಪಳಿಯಲ್ಲಿ ಹಿಂದಕ್ಕೆ ಹೋದಷ್ಟೂ ಎಗರಾಟ ಹೆಚ್ಚು. ಸಣ್ಣ ಶಾಪ್ ಇರುವುದು ಅಲ್ಲೇ ಹಿಂದೆ.

ಪ್ರತಿಯೊಬ್ಬರೂ ಭಯಕ್ಕೆ ಸ್ವಲ್ಪ ಜಾಸ್ತಿ ಬರೆದು ಮುಂದಕ್ಕೆ ತಳ್ಳುವುದೇ ಇದಕ್ಕೆ ದೊಡ್ಡ ಕಾರಣ. ಸಾಧ್ಯವಾದರೆ ಕಸ್ಟಮರ್‌ನ ಶೆಡ್ಯೂಲ್ ಜೊತೆಗೆ ಅವರ ಲೈನಿನಲ್ಲಿ ದಿನಾ ಎಷ್ಟು ಬಳಕೆ ಅಂತಲೂ ಕೇಳಿ. ನಿಮ್ಮ ಪ್ಲೇಟಿಂಗ್‌ನವರಿಗೂ ನೀವು ಅದನ್ನೇ ಕೊಡಿ.

ಗಾಡಿ ಬಾಡಿಗೆ ಹೇಗೆ ನೋಡಬೇಕು?

ಮಾಮೂಲಿ ಬಾಡಿಗೆ ಬೇರೆ, ಅವಸರದ ಬಾಡಿಗೆ ಬೇರೆ. ಎರಡನ್ನೂ ಟ್ಯಾಲಿಯಲ್ಲಿ ಒಂದೇ ಲೆಡ್ಜರಿಗೆ ಹಾಕಿದರೆ ಎರಡೂ ಕಾಣುವುದಿಲ್ಲ. ಅವಸರದ ಪ್ರತಿ ಟ್ರಿಪ್ಪಿಗೂ ಒಂದು ಸಾಲಿನ ಕಾರಣ ಬರೆಸಿ.

ಟ್ರಿಪ್ ಹೊತ್ತಿನ ವಿಷಯದಲ್ಲಿ ಸರಾಸರಿಯನ್ನು ನಂಬಬೇಡಿ. ಪೀಣ್ಯದಿಂದ ನೈಸ್ ರೋಡ್ ಹಿಡಿದು ಹೊಸೂರಿಗೆ ಹತ್ತು ಟ್ರಿಪ್ ಹೋಗಿ, ಒಂಬತ್ತಕ್ಕೆ ಎರಡೂವರೆ ಗಂಟೆ, ಒಂದಕ್ಕೆ ಆರು ಗಂಟೆ ಆದರೆ ಸರಾಸರಿ ಮೂರಕ್ಕೂ ಒಳಗೆ. ಅದನ್ನು ನಂಬಿ ಪ್ಲಾನ್ ಮಾಡಿದರೆ ಹತ್ತರಲ್ಲಿ ಒಂದು ಸಲ ಲೈನ್ ನಿಲ್ಲುತ್ತದೆ. ಕಸ್ಟಮರ್‌ಗೆ ನೆನಪಿರುವುದು ಆ ಒಂದೇ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು ಮುಚ್ಚಿದ್ದು, ಭಾರಿ ವಾಹನಗಳಿಗೆ ಮತ್ತೆ ಬಿಟ್ಟದ್ದು 2024ರ ಜುಲೈನಲ್ಲಿ. ಅಷ್ಟು ದಿನ ಲಾರಿಗಳೆಲ್ಲ ಕೆಳಗಿನ ರಸ್ತೆಗೇ ಇಳಿದವು. ಪೀಣ್ಯದೊಳಗೆ ಬರಬೇಕಾದ ಸ್ಟೀಲ್ ಲಾರಿಯೂ ಅದೇ ಸಾಲಿನಲ್ಲಿ ನಿಂತಿತು. ಹಳೆಯ ಸರಾಸರಿ ಹಿಡಿದು ಕೂತವರ ಸ್ಟಾಕ್ ಲೆಕ್ಕವೆಲ್ಲ ತಲೆಕೆಳಗಾಯಿತು.

ಹೊಸೂರು ತಮಿಳುನಾಡು ಅನ್ನುವುದನ್ನು ಮರೆಯಬೇಡಿ. 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಹೇಗೂ ಬೇಕು. ಆದರೆ ಜಾಬ್ ವರ್ಕಿಗೆ ರಾಜ್ಯದ ಗಡಿ ದಾಟಿ ಕಳಿಸುವಾಗ ಮಾಲಿನ ಬೆಲೆ ಎಷ್ಟೇ ಕಡಿಮೆ ಇರಲಿ, ಇ-ವೇ ಬಿಲ್ ಕಡ್ಡಾಯ. ಇದನ್ನು ಮರೆತು ಗಾಡಿ ನಿಂತ ದಿನ ನಿಮ್ಮ ಓಟಿಐಎಫ್ ಕೂಡ ನಿಂತ ಹಾಗೆ.

ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್‌ನವರನ್ನು ನಾವು ಹೇಗೆ ಅಳೆಯೋದು? ಅವರಲ್ಲಿ ಕಂಪ್ಯೂಟರೇ ಇಲ್ಲ.

ಕಂಪ್ಯೂಟರ್ ಬೇಡ, ಚಲನ್ ಸಾಕು. ಹೋದ ದಿನ, ಬಂದ ದಿನ, ಹೋದ ಸಂಖ್ಯೆ, ಬಂದ ಸಂಖ್ಯೆ.

ಸಂಖ್ಯೆಯಲ್ಲೇ ಬಹಳ ಜಗಳ. ಮಾಲು ಹೋಗುವುದು ತೂಕದಲ್ಲಿ, ನೀವು ಬಿಲ್ ಮಾಡುವುದು ಪೀಸಿನಲ್ಲಿ. ಕಳಿಸುವಾಗ ನೂರು ಪೀಸ್ ಎಣಿಸಿ ತೂಗಿ, ಅದರಿಂದ ಒಟ್ಟು ಎಷ್ಟು ಅಂತ ಲೆಕ್ಕ ಹಾಕಿ ಚಲನ್‌ನಲ್ಲಿ ಎರಡನ್ನೂ ಬರೆಯಿರಿ. ವಾಪಸ್ ಬಂದಾಗ ಹೊಸದಾಗಿ ನೂರು ಎಣಿಸಿ ತೂಗಿ. ಪ್ಲೇಟಿಂಗ್ ಆದ ಮೇಲೆ ಪೀಸಿನ ತೂಕ ಸ್ವಲ್ಪ ಏರಿರುತ್ತದೆ. ಹಳೆಯ ತೂಕ ಹಿಡಿದು ಲೆಕ್ಕ ಹಾಕಿದರೆ ಕಳೆದುಹೋದ ಪೀಸ್‌ಗಳು ಆ ಏರಿಕೆಯಲ್ಲಿ ಮುಚ್ಚಿಹೋಗುತ್ತವೆ. ಕಸ್ಟಮರ್‌ಗೆ 980 ಹೋದದ್ದರ ಮೂಲ ಎಷ್ಟೋ ಸಲ ಇಲ್ಲೇ ಇರುತ್ತದೆ.

ಕಾನೂನಿನ ಗಡಿಯಾರವೂ ಒಂದಿದೆ. ಜಿಎಸ್‌ಟಿಯಲ್ಲಿ ಜಾಬ್ ವರ್ಕಿಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದ ಹಾಗೆ ಲೆಕ್ಕ. ಜಾಬ್ ವರ್ಕಿನ ಲೆಕ್ಕ ಕೊಡುವ ಜಿಎಸ್‌ಟಿ ಫಾರ್ಮ್ ಐಟಿಸಿ-04 ತುಂಬುವಾಗ ಬಾಕಿ ಉಳಿದ ಹಳೆಯ ಚಲನ್‌ಗಳು ಕಾಣುತ್ತವೆ. ಆಡಿಟರ್ ಹೇಳುವವರೆಗೆ ಕಾಯಬೇಡಿ.

ಒಂದು ಮಾತು ಹೇಳಲೇಬೇಕು. ಅವರನ್ನು ಅಳೆಯುವಾಗ ದೊಡ್ಡ ಕಂಪನಿ ನಿಮಗೆ ಮಾಡಿದ್ದನ್ನೇ ನೀವು ಅವರಿಗೆ ಮಾಡಬೇಡಿ. ಶನಿವಾರ ರಾತ್ರಿ ಮಾಲು ಇಳಿಸಿ ಸೋಮವಾರ ಬೆಳಿಗ್ಗೆಗೆ ಎರಡು ದಿನ ಆಯಿತು ಅನ್ನುವುದು, ನಾಲ್ಕು ತಿಂಗಳು ದುಡ್ಡು ಕೊಡದೆ ಡೆಲಿವರಿ ರೇಟಿಂಗ್ ಮಾತ್ರ ಕಳಿಸುವುದು, ಇದೆಲ್ಲ ನಡೆಯುತ್ತಿದೆ.

ದುಡ್ಡಿನ ಅಳತೆ ಅಂದಿರಿ. ಅದೇನು?

ಸ್ಟೀಲಿಗೆ ದುಡ್ಡು ಕೊಟ್ಟ ದಿನದಿಂದ ಕಸ್ಟಮರ್ ದುಡ್ಡು ಖಾತೆಗೆ ಬೀಳುವ ದಿನದವರೆಗೆ. ಲೆಕ್ಕ ಸರಳ. ಕಚ್ಚಾಮಾಲು ಕೂತ ದಿನ 20, ಶಾಪಿನಲ್ಲಿ ಮತ್ತು ಫಿನಿಶ್ಡ್ ಆಗಿ ಕೂತ ದಿನ 25, ಕಸ್ಟಮರ್ ಬಾಕಿ 75. ಕೂಡಿದರೆ 120. ಸ್ಟೀಲ್ ಡೀಲರ್ ನಿಮಗೆ 30 ದಿನ ಸಾಲ ಕೊಟ್ಟಿದ್ದರೆ ಕಳೆಯಿರಿ, ಉಳಿದದ್ದು 90. ವರ್ಷಕ್ಕೆ 2.4 ಕೋಟಿ ಖರ್ಚಿನ ಶಾಪ್ ಆದರೆ ದಿನಕ್ಕೆ ಸುಮಾರು 66,000 ರೂಪಾಯಿ. ತೊಂಬತ್ತು ದಿನಕ್ಕೆ 59 ಲಕ್ಷ ಸಿಕ್ಕಿಹಾಕಿಕೊಂಡಿದೆ. ಹತ್ತು ದಿನ ಇಳಿಸಿದರೆ ಆರೂವರೆ ಲಕ್ಷ ಕೈಗೆ ಬರುತ್ತದೆ. ಯಾವ ಬ್ಯಾಂಕಿನ ಓಡಿ ಲಿಮಿಟ್ ಏರಿಸುವುದಕ್ಕಿಂತಲೂ ಇದು ಸಲೀಸು.

75 ದಿನ ನಮ್ಮ ಕೈಲಿಲ್ಲವಲ್ಲ?

ಪೂರ್ತಿ ಇಲ್ಲ, ಆದರೆ ನೀವು ಅಂದುಕೊಂಡಷ್ಟು ಕಡಿಮೆಯೂ ಅಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ನ ಮೂರರಷ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ಈ 45 ಯಾವತ್ತಿನಿಂದ? ಇಲ್ಲಿ ಮತ್ತೆ ಗಡಿಯಾರದ ಮಾತು ಬಂತು. ಕಂಪನಿಗಳು ಇನ್‌ವಾಯ್ಸ್ ಬುಕ್ ಆದ ದಿನದಿಂದ, ಕೆಲವು ತಿಂಗಳ ಕೊನೆಯಿಂದ ಎಣಿಸುತ್ತವೆ. ಕಾಯ್ದೆ ಎಣಿಸುವುದು ಮಾಲು ನಿಜವಾಗಿ ತಲುಪಿದ ದಿನದಿಂದ. ಖರೀದಿದಾರರು 15 ದಿನದೊಳಗೆ ಲಿಖಿತವಾಗಿ ತಕರಾರು ಎತ್ತಿದ್ದರೆ ಮಾತ್ರ ಅದು ಬಗೆಹರಿದ ದಿನದಿಂದ. ಅಂದರೆ ನೀವು ಡೆಲಿವರಿ ರೇಟಿಂಗಿಗೆಂದು ಇಟ್ಟುಕೊಂಡ ಆ ಗೇಟ್ ಸೀಲಿನ ಫೋಟೊ ದುಡ್ಡಿನ ವಿಷಯಕ್ಕೂ ಸಾಕ್ಷಿ.

ಇದಕ್ಕೆ ಹಲ್ಲು ಬಂದದ್ದು 2023ರ ಬಜೆಟ್ಟಿನಲ್ಲಿ. ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್ನಿಗೆ ಎಚ್ ಎಂಬ ಹೊಸ ಉಪವಿಭಾಗ ಸೇರಿತು. ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಖರೀದಿದಾರರು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಮಾರ್ಚ್ ಬಂತೆಂದರೆ ಅಕೌಂಟ್ಸ್‌ನವರು ತಾವೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಘಟಕವೆಂಬ ಸರ್ಕಾರಿ ನೋಂದಣಿ) ಕೇಳುವುದು ಇದಕ್ಕೇ. ಆ ನಂಬರನ್ನು ಇನ್‌ವಾಯ್ಸ್ ಮೇಲೆ ಪ್ರಿಂಟ್ ಹಾಕಿಸಿ. ಮೀಡಿಯಂ ವರ್ಗಕ್ಕೆ ಹೋದವರಿಗೆ ಈ ರಕ್ಷಣೆ ಇಲ್ಲ. 2025ರ ಏಪ್ರಿಲ್‌ನಿಂದ ಸ್ಮಾಲ್ ವರ್ಗದ ಮಿತಿ ಹೂಡಿಕೆಯಲ್ಲಿ 25 ಕೋಟಿ, ವಹಿವಾಟಿನಲ್ಲಿ 100 ಕೋಟಿಗೆ ಏರಿರುವುದರಿಂದ ಪೀಣ್ಯದ ಬಹುತೇಕರು ಒಳಗೇ ಇದ್ದಾರೆ.

ಜಗಳ ಬೇಡ ಅನ್ನುವವರಿಗೆ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆ ಇದೆ. ಕಸ್ಟಮರ್ ಒಪ್ಪಿದ ಇನ್‌ವಾಯ್ಸನ್ನು ಬ್ಯಾಂಕುಗಳು ಹರಾಜಿನಲ್ಲಿ ಡಿಸ್ಕೌಂಟ್ ಮಾಡಿ ಬೇಗ ಹಣ ಕೊಡುತ್ತವೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸುವುದು ಈಗ ಕಡ್ಡಾಯ. ನೋಂದಾಯಿಸುವುದು ಬೇರೆ, ನಿಮ್ಮ ಬಿಲ್ಲನ್ನು ಅಲ್ಲಿ ಒಪ್ಪುವುದು ಬೇರೆ. ಕೇಳಿ ನೋಡಿ.

ಸ್ಕೋರ್ ಮಾಡೆಲ್ ಅಂತ ಒಂದು ಹೇಳ್ತಾರೆ. ಕಲಿಯಬೇಕಾ?

1996ರಲ್ಲಿ ಅಮೆರಿಕದ ಸಪ್ಲೈ ಚೈನ್ ಕೌನ್ಸಿಲ್ ಶುರು ಮಾಡಿದ, ಸಪ್ಲೈ ಚೈನನ್ನು ಅಳೆಯುವ ಚೌಕಟ್ಟು. ದೊಡ್ಡ ಕಂಪನಿಯಲ್ಲಿ ಕೆಲಸ ಹುಡುಕುವವರು ಕಲಿಯಲಿ. ಶಾಪ್ ಮಾಲೀಕರು ಅದರಿಂದ ಒಂದನ್ನು ಎತ್ತಿಕೊಂಡರೆ ಸಾಕು: ಪರ್ಫೆಕ್ಟ್ ಆರ್ಡರ್. ಟೈಮಿಗೆ, ಪೂರ್ತಿ, ಕೆಡದೆ, ದಾಖಲೆ ಸರಿಯಾಗಿ ಹೋದ ಆರ್ಡರ್ ಮಾತ್ರ ಲೆಕ್ಕಕ್ಕೆ. ನಾಲ್ಕರಲ್ಲೂ 95 ತೆಗೆದಿದ್ದೀರಿ, ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲ ಅಂದುಕೊಂಡರೆ ಒಟ್ಟು ಬರುವುದು 81. ಒಂದೊಂದು ಡಿಪಾರ್ಟ್‌ಮೆಂಟೂ ಫಸ್ಟ್ ಕ್ಲಾಸ್, ಕಸ್ಟಮರ್ ಮಾತ್ರ ಐದು ಸಲಕ್ಕೊಮ್ಮೆ ಫೋನ್ ಮಾಡಿ ಕೂಗುತ್ತಾರೆ ಅನ್ನುವುದರ ರಹಸ್ಯ ಇದು.

ಎಕ್ಸೆಲ್ ಸಾಕಾ, ಇಡೀ ಕಾರ್ಖಾನೆಯ ಲೆಕ್ಕ ಇಡುವ ಸಾಫ್ಟ್‌ವೇರ್ ಆದ ಇಆರ್‌ಪಿ ಹಾಕಬೇಕಾ?

ಚಲನ್‌ನಲ್ಲಿ ಹೊತ್ತು ಬರೆಯುವ ಅಭ್ಯಾಸ ಬರುವವರೆಗೆ ಎಕ್ಸೆಲ್ ಸಾಕು. ಆಮೇಲೆ ನೋಡೋಣ.

ಅಳೆಯಲು ಶುರು ಮಾಡಿದ ಮೇಲೆ ಹುಡುಗರು ಅಂಕಿ ಚೆನ್ನಾಗಿ ಕಾಣೋ ಹಾಗೆ ಎಂಟ್ರಿ ಮಾಡ್ತಿದ್ದಾರೆ. ಏನು ಮಾಡೋದು?

ಒಂದೇ ಅಂಕಿಗೆ ಇನ್ಸೆಂಟಿವ್ ಕಟ್ಟಿದ್ದೀರಿ ಅಂತ ಕಾಣುತ್ತದೆ. ಡೆಲಿವರಿಗೆ ಬೋನಸ್ ಅಂದರೆ ಚೆಕ್ ಮಾಡದ ಮಾಲು ಹೋಗುತ್ತದೆ. ರಿಜೆಕ್ಷನ್‌ಗೆ ಬೋನಸ್ ಅಂದರೆ ಕೆಟ್ಟ ಪೀಸ್‌ಗಳು ಸ್ಕ್ರ್ಯಾಪ್ ಡಬ್ಬಿಯ ಬದಲು ರೀವರ್ಕ್ ಮೂಲೆಯಲ್ಲಿ ಬೆಳೆಯುತ್ತವೆ. ತಡವಾದ ಹಳೆಯ ಆರ್ಡರನ್ನು ಶಾರ್ಟ್ ಕ್ಲೋಸ್ ಮಾಡಿ (ಪೂರ್ತಿ ಕೊಡದೆಯೇ ಮುಚ್ಚಿ) ಹೊಸ ದಿನಾಂಕದಲ್ಲಿ ತೆರೆಯುವುದಂತೂ ಎಲ್ಲರಿಗೂ ಗೊತ್ತಿರುವ ಕೈಚಳಕ, ದೊಡ್ಡ ಕಂಪನಿಗಳಲ್ಲೂ ನಡೆಯುತ್ತದೆ. ಮೊದಲು ಹೇಳಿದ ದಿನಾಂಕವನ್ನು ಯಾರೂ ತಿದ್ದದ ಹಾಗೆ ಒಂದು ಕಾಲಂ ಲಾಕ್ ಮಾಡಿ. ಮತ್ತು ಕೆಟ್ಟ ಅಂಕಿ ತಂದು ತೋರಿಸಿದ ಹುಡುಗನಿಗೆ ಎಲ್ಲರೆದುರು ಬೈಯಬೇಡಿ. ಒಂದು ಸಲ ಬೈದರೆ ಮುಂದಿನ ತಿಂಗಳಿಂದ ಎಲ್ಲ 98.

ಯುರೋಪಿಗೆ ಹೋಗುವ ಮಾಲಿಗೆ ಕಾರ್ಬನ್ ಲೆಕ್ಕ ಕೇಳ್ತಿದ್ದಾರೆ. ನಿಜಾನಾ?

ನಿಜ. ಐರೋಪ್ಯ ಒಕ್ಕೂಟದ ಸಿಬ್ಯಾಮ್ (ಆಮದು ಮಾಲಿನ ಮೇಲಿನ ಕಾರ್ಬನ್ ಸುಂಕ) 2023ರ ಅಕ್ಟೋಬರ್‌ನಿಂದ ವರದಿಯ ಹಂತದಲ್ಲಿತ್ತು, 2026ರ ಜನವರಿಯಿಂದ ಪೂರ್ಣ ಜಾರಿಯ ಹಂತ. ಸ್ಟೀಲಿನ ಬೋಲ್ಟು, ಸ್ಕ್ರೂ, ನಟ್ಟುಗಳೂ ಅದರ ಪಟ್ಟಿಯಲ್ಲಿವೆ. ನೀವು ನೇರ ಎಕ್ಸ್‌ಪೋರ್ಟ್ ಮಾಡದಿದ್ದರೂ ನಿಮ್ಮ ಕಸ್ಟಮರ್ ಮಾಡುತ್ತಿದ್ದರೆ ಫಾರ್ಮ್ ನಿಮಗೆ ಬರುತ್ತದೆ. ಸ್ಟೀಲ್ ಯಾವ ಮಿಲ್ಲಿನದು, ಟನ್ನಿಗೆ ಎಷ್ಟು ಯೂನಿಟ್ ಕರೆಂಟ್, ಎಷ್ಟು ಸ್ಕ್ರ್ಯಾಪ್ ಅಂತ ಈಗಿನಿಂದಲೇ ತಿಂಗಳಿಗೊಮ್ಮೆ ಬರೆದಿಡಿ. ಬೆಸ್ಕಾಂ ಬಿಲ್ಲು ಮತ್ತು ಮಿಲ್ ಟೆಸ್ಟ್ ಸರ್ಟಿಫಿಕೇಟ್ ಒಂದೇ ಫೈಲಿನಲ್ಲಿರಲಿ.

ಕಸ್ಟಮರ್ ರೇಟಿಂಗ್ ತಪ್ಪು ಅಂತ ಖಾತ್ರಿ ಇದ್ದರೆ ಏನು ಮಾಡಬೇಕು? ಸುಮ್ಮನಿರೋದೇ ಒಳ್ಳೇದಾ?

ಸುಮ್ಮನಿದ್ದರೆ ಒಪ್ಪಿದ ಹಾಗೆ. ವರ್ಷದ ಕೊನೆಗೆ ಆರ್ಡರ್ ಹಂಚುವಾಗ ಪರ್ಚೇಸ್ ಹೆಡ್ ನೋಡುವುದು ಆ ಹಾಳೆಯನ್ನೇ, ನಿಮ್ಮ ಮುಖವನ್ನಲ್ಲ. ರೇಟಿಂಗ್ ಬಂದ ವಾರದೊಳಗೆ ಇಮೇಲ್ ಕಳಿಸಿ. ಜೋರು ಮಾತು ಬೇಡ. ನಾಲ್ಕು ಕಾಲಂನ ಟೇಬಲ್ ಸಾಕು: ಚಲನ್ ನಂಬರ್, ಶೆಡ್ಯೂಲ್ ದಿನಾಂಕ, ಗೇಟ್ ಸೀಲಿನ ಹೊತ್ತು, ಜಿಆರ್‌ಎನ್ ದಿನಾಂಕ. ಸೀಲಿನ ಫೋಟೊ ಲಗತ್ತಿಸಿ. ನಿಮ್ಮದೇ ತಪ್ಪಾದ ಲೈನ್‌ಗಳನ್ನು ಮೊದಲ ಸಾಲುಗಳಲ್ಲೇ ಹಾಕಿ, ಕಾರಣ ಮತ್ತು ಸರಿಪಡಿಸಿದ ಬಗೆ ಬರೆಯಿರಿ. ಅದನ್ನು ನೋಡಿದ ಮೇಲೆ ಉಳಿದ ಸಾಲುಗಳನ್ನು ಅವರು ನಂಬುತ್ತಾರೆ. ಇಮೇಲ್‌ನಲ್ಲಿ ಸ್ಟೋರ್ಸ್‌ನವರನ್ನೂ ಸೇರಿಸಿ, ಅವರ ಮೇಲೆ ದೂರು ಅನ್ನುವ ಧಾಟಿ ಮಾತ್ರ ಬೇಡ. ನಾಳೆ ಸಂಜೆ 4:10ಕ್ಕೆ ನಿಮ್ಮ ಗಾಡಿ ಇಳಿಸಬೇಕಾದವರು ಅವರೇ.